ಮಣಿಕಟ್ಟಿಗೆ ಫ್ಯೂಷನ್ ಅಂದಿದ್ದಾರೆ: ಪೂರ್ತಿ ಬೆಸೆಯುವುದಾ, ಸ್ವಲ್ಪ ಬೆಸೆದರೆ ಸಾಕಾ, ಬೇರೆ ದಾರಿ ಇದೆಯಾ?

"ಫ್ಯೂಷನ್ ಮಾಡಿದ್ರೆ ಕೈ ಮರದ ಹಾಗೆ ಆಗ್ತದಾ?" ಉಡುಪಿಯಲ್ಲಿ ಕೈಯ ಫಿಸಿಯೋಥೆರಪಿ ಮಾಡುವ ನನಗೆ ಜಾಸ್ತಿ ಬರುವ ಪ್ರಶ್ನೆ ಇದು. ಫ್ಯೂಷನ್ ಅಂದರೆ ಸಂದಿನ ಎಲುಬುಗಳನ್ನು ಒಂದಕ್ಕೊಂದು ಬೆಸೆದುಬಿಡುವ ಆಪರೇಷನ್. ಕೇಳುವವರು ಹೆಚ್ಚಾಗಿ ಗೊಂದಲದಲ್ಲೇ ಇರುತ್ತಾರೆ. ಒಬ್ಬ ಡಾಕ್ಟರ್ ಪೂರ್ತಿ ಬೆಸೆಯೋಣ ಅಂದಿರುತ್ತಾರೆ. ಮಂಗಳೂರಿನಲ್ಲಿ ತೋರಿಸಿದ ಇನ್ನೊಬ್ಬರು ಮೂರು ಎಲುಬು ತೆಗೆದರೆ ಸಾಕು ಅಂದಿರುತ್ತಾರೆ. ಮತ್ತೊಬ್ಬರು ಮೊದಲು ನರ ಕತ್ತರಿಸಿ ನೋಡೋಣ ಅನ್ನುತ್ತಾರೆ. ಮೂವರೂ ಸರಿ ಹೇಳಿರಬಹುದು. ಒಂದೇ ಎಕ್ಸ್‌ರೇಗೆ ಎರಡು ಮೂರು ಸರಿ ಉತ್ತರ ಇರುವ ಜಾಗ ಮಣಿಕಟ್ಟು. ಅವುಗಳಲ್ಲಿ ನಿಮಗೆ ಹೊಂದುವುದು ಯಾವುದು ಎಂದು ತೀರ್ಮಾನಿಸಲು ನಿಮ್ಮ ಕೈ ದಿನವಿಡೀ ಏನು ಮಾಡುತ್ತದೆ ಎಂಬುದು ಗೊತ್ತಾಗಬೇಕು. ಅದನ್ನು ನೀವೇ ಹೇಳಬೇಕು.

ಇಲ್ಲಿ ಬರೆದಿರುವುದು ಸವೆತ, ಹಳೆಯ ಮುರಿತ, ಸಂಧಿವಾತ ಅಥವಾ ಕೀನ್‌ಬಾಕ್ ಕಾಯಿಲೆಯಿಂದ (ಮಣಿಕಟ್ಟಿನ ಒಂದು ಸಣ್ಣ ಎಲುಬಿಗೆ ರಕ್ತ ಸರಿಯಾಗಿ ಹೋಗದೆ ಅದು ಕುಸಿಯುವುದು) ಮಣಿಕಟ್ಟು ಹಾಳಾಗಿ, ಪಟ್ಟಿ, ಮಾತ್ರೆ, ಇಂಜೆಕ್ಷನ್ ಎಲ್ಲ ಆದ ಮೇಲೂ ನೋವು ಹೋಗದವರಿಗೆ. ಇನ್ನೂ ಪಟ್ಟಿ ಕಟ್ಟಿ ನೋಡದವರು ಆಪರೇಷನ್ ಬಗ್ಗೆ ಯೋಚಿಸುವುದು ಬೇಗ ಆಯಿತು.

ಮೊದಲು ಮಣಿಕಟ್ಟಿನ ಒಳಗೆ

ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ, ಎರಡು ಸಾಲಿನಲ್ಲಿ. ಮುಂಗೈ ಕಡೆಯ ಸಾಲಿನಲ್ಲಿ ಸ್ಕಾಫಾಯ್ಡ್, ಲೂನೇಟ್, ಟ್ರೈಕ್ವೆಟ್ರಮ್ ಮತ್ತು ಬಟಾಣಿ ಗಾತ್ರದ ಪಿಸಿಫಾರ್ಮ್. ಬೆರಳ ಕಡೆಯ ಸಾಲಿನಲ್ಲಿ ಟ್ರಪೀಜಿಯಮ್, ಟ್ರಪೆಜಾಯ್ಡ್, ಕ್ಯಾಪಿಟೇಟ್, ಹ್ಯಾಮೇಟ್. ಕೈ ಬಗ್ಗಿಸಿದಾಗ ಎರಡು ಕಡೆ ಚಲನೆ ಆಗುತ್ತದೆ. ಮುಂಗೈಯ ರೇಡಿಯಸ್ ಎಲುಬಿಗೂ ಮೊದಲ ಸಾಲಿಗೂ ನಡುವೆ ಒಂದು, ಎರಡು ಸಾಲುಗಳ ನಡುವೆ ಇನ್ನೊಂದು. ಹೆಚ್ಚುಕಡಿಮೆ ಅರ್ಧ ಚಲನೆ ಇಲ್ಲಿ, ಅರ್ಧ ಅಲ್ಲಿ. ಒಂದು ಕಡೆ ಮಾತ್ರ ಬೆಸೆದರೆ ಇನ್ನೊಂದು ಕಡೆಯ ಚಲನೆ ಉಳಿಯುತ್ತದೆ. ಅರ್ಧ ಫ್ಯೂಷನ್‌ಗಳೆಲ್ಲ ನಿಂತಿರುವುದು ಇದರ ಮೇಲೆ.

ಇನ್ನು ಭಾರ. ಅಂಗೈ ಊರಿದಾಗ ಅಥವಾ ಏನನ್ನಾದರೂ ಬಿಗಿಯಾಗಿ ಹಿಡಿದಾಗ ಮಣಿಕಟ್ಟಿನ ಮೇಲೆ ಬೀಳುವ ಭಾರದ ಸುಮಾರು 80% ರೇಡಿಯಸ್ ಮೂಲಕ ಹೋಗುತ್ತದೆ, 20% ಅದರ ಪಕ್ಕದ, ಕಿರುಬೆರಳ ಕಡೆಯ ಅಲ್ನಾ ಎಲುಬಿನ ಮೂಲಕ. ರೇಡಿಯಸ್ ಮೇಲೆ ಬಿದ್ದ ಭಾರದಲ್ಲಿ ಸ್ಕಾಫಾಯ್ಡ್ ಪಾಲು ದೊಡ್ಡದು, ಲೂನೇಟ್ ಪಾಲು ಸ್ವಲ್ಪ ಕಡಿಮೆ. ಈ ಲೆಕ್ಕ ಎಷ್ಟು ಸೂಕ್ಷ್ಮ ಎಂದರೆ, 1984ರಲ್ಲಿ ಪಾಮರ್ ಮತ್ತು ವರ್ನರ್ ಎಂಬ ಸಂಶೋಧಕರು ಅಲ್ನಾದ ಉದ್ದವನ್ನು ಬರೀ ಎರಡೂವರೆ ಮಿಲಿಮೀಟರ್ ಹೆಚ್ಚಿಸಿ ನೋಡಿದಾಗ ಅದರ ಪಾಲು ಶೇಕಡ 40 ದಾಟಿತು. ಅಷ್ಟೇ ಕಡಿಮೆ ಮಾಡಿದಾಗ ಶೇಕಡ 5ಕ್ಕಿಂತ ಕೆಳಗೆ ಇಳಿಯಿತು.

ಹಾಗಾಗಿ ಎಲ್ಲಿ ಬೆಸೆದರೂ ಭಾರ ಮಾಯ ಆಗುವುದಿಲ್ಲ. ಮೂವರು ಹೊರುತ್ತಿದ್ದ ಅಕ್ಕಿಮೂಟೆಯಿಂದ ಒಬ್ಬ ಸರಿದರೆ ಉಳಿದಿಬ್ಬರ ಹೆಗಲಿಗೆ ಬೀಳುತ್ತದಲ್ವಾ, ಹಾಗೆ. ನಿಂತ ಚಲನೆಯ ಕೆಲಸವೂ ಪಕ್ಕದ ಸಂದಿಗೇ ಹೋಗುತ್ತದೆ. ಆ ಪಕ್ಕದ ಸಂದು ಗಟ್ಟಿ ಇದೆಯಾ ಎಂಬುದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ.

ಯಾವುದರ ಮೇಲೆ ಅಳೆಯಬೇಕು

ನಾನು ಐದು ವಿಷಯ ನೋಡಲು ಹೇಳುತ್ತೇನೆ. ನೋವು ಎಷ್ಟು ಖಾತ್ರಿಯಾಗಿ ಹೋಗುತ್ತದೆ. ಎಷ್ಟು ಚಲನೆ ಉಳಿಯುತ್ತದೆ, ಯಾವ ದಿಕ್ಕಿನಲ್ಲಿ ಉಳಿಯುತ್ತದೆ. ಭಾರ ಎಲ್ಲಿಗೆ ಸರಿಯುತ್ತದೆ, ಅಂದರೆ ಹತ್ತು ಹದಿನೈದು ವರ್ಷದ ನಂತರ ಏನಾಗಬಹುದು. ಕೆಲಸಕ್ಕೆ ಮರಳಲು ಎಷ್ಟು ಸಮಯ ಬೇಕು. ಖರ್ಚು ಎಷ್ಟು, ಮತ್ತು ಇದು ಸರಿಹೋಗದಿದ್ದರೆ ಮುಂದೆ ಬೇರೆ ದಾರಿ ಉಳಿಯುತ್ತದಾ.

ಚಲನೆಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಆರೋಗ್ಯವಂತ ಮಣಿಕಟ್ಟು ಅಂಗೈ ಕಡೆಗೂ ಹಿಂದಕ್ಕೂ ತಲಾ 70 ಡಿಗ್ರಿ ಆಸುಪಾಸು ಬಗ್ಗುತ್ತದೆ. ಆದರೆ ದಿನದ ಹೆಚ್ಚಿನ ಕೆಲಸಕ್ಕೆ ಅಷ್ಟು ಬೇಡ. 1985ರ ಒಂದು ಪ್ರಸಿದ್ಧ ಅಳತೆಯ ಪ್ರಕಾರ ಹಿಂದಕ್ಕೆ 30 ಡಿಗ್ರಿ, ಅಂಗೈ ಕಡೆಗೆ 5 ಡಿಗ್ರಿ, ಹೆಬ್ಬೆರಳ ಕಡೆಗೆ 10, ಕಿರುಬೆರಳ ಕಡೆಗೆ 15 ಇದ್ದರೆ ಬಹುತೇಕ ಕೆಲಸ ನಡೆಯುತ್ತದೆ. ನಂತರ ಬಂದ ಅಳತೆಗಳು ಎರಡೂ ಕಡೆ 40 ಡಿಗ್ರಿ ಬೇಕು ಅಂದವು. ಅವರು ಯಾರೂ ನೆಲದಿಂದ ಕೈ ಊರಿ ಏಳುವುದನ್ನು, ಹೆರೆಮಣೆಯಲ್ಲಿ ಕಾಯಿ ಹೆರೆಯುವುದನ್ನು, ಎಡಗೈಯಲ್ಲಿ ಶೌಚ ಮಾಡಿಕೊಳ್ಳುವುದನ್ನು ಮುಖ್ಯವಾಗಿ ಅಳೆಯಲಿಲ್ಲ. ನಮ್ಮ ಊರಿನ ಕೈಗೆ ಅದನ್ನೂ ಸೇರಿಸಿ ನೋಡಬೇಕು.

ಈಗಲೇ ಒಂದು ಸಣ್ಣ ಪರೀಕ್ಷೆ ಮಾಡಿ. ಚೊಂಬಿನಲ್ಲಿ ನೀರು ತುಂಬಿ ಬಗ್ಗಿಸಿ ಹುಯ್ಯಿರಿ. ಮಣಿಕಟ್ಟು ನೆಟ್ಟಗೆ ಮೇಲೆ ಕೆಳಗೆ ಹೋಗುವುದಿಲ್ಲ. ಹೆಬ್ಬೆರಳ ಕಡೆ ಎತ್ತಿದ ಸ್ಥಿತಿಯಿಂದ ಕಿರುಬೆರಳ ಕಡೆ ಇಳಿಯುತ್ತಾ, ಓರೆಯಾಗಿ ಹೋಗುತ್ತದೆ. ಸುತ್ತಿಗೆ ಹೊಡೆಯುವುದು, ಕಲ್ಲು ಎಸೆಯುವುದು, ಕತ್ತಿಯಲ್ಲಿ ಕಡಿಯುವುದು, ಎಲ್ಲವೂ ಇದೇ ಓರೆ ಚಲನೆ. ಇದು ಹೆಚ್ಚಾಗಿ ಎರಡು ಸಾಲುಗಳ ನಡುವಿನ ಸಂದಿಯಲ್ಲಿ ಆಗುತ್ತದೆ. ಆ ಸಂದು ಉಳಿದರೆ ಓರೆ ಚಲನೆಯೂ ಉಳಿಯುತ್ತದೆ.

ಪೂರ್ತಿ ಫ್ಯೂಷನ್

ರೇಡಿಯಸ್‌ನಿಂದ ನಡುಬೆರಳಿನ ಬುಡದ ಅಂಗೈ ಎಲುಬಿನವರೆಗೆ ಕೈಯ ಹಿಂಬದಿಯಲ್ಲಿ ಪ್ಲೇಟ್ ಕೂರಿಸಿ ಎಲ್ಲವನ್ನೂ ಒಂದೇ ಎಲುಬಾಗಿ ಬೆಸೆಯುತ್ತಾರೆ. ನಡುವೆ ತುಂಬಲು ರೇಡಿಯಸ್‌ನಿಂದಲೇ ಅಥವಾ ಸೊಂಟದಿಂದ ಸ್ವಲ್ಪ ಎಲುಬು ತೆಗೆಯುತ್ತಾರೆ. ಮಣಿಕಟ್ಟನ್ನು ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಹಿಂದಕ್ಕೆ, ತುಸು ಕಿರುಬೆರಳ ಕಡೆಗೆ ಇಟ್ಟು ನಿಲ್ಲಿಸುತ್ತಾರೆ. ಬೆರಳುಗಳ ಹಿಡಿತಕ್ಕೆ ಬಲ ಬರುವುದು ಆ ಸ್ಥಿತಿಯಲ್ಲಿ.

ಬಗ್ಗುವ ಚಲನೆ ಸೊನ್ನೆ. ಆದರೆ ಕೈ ಮರ ಆಗುವುದಿಲ್ಲ. ಬೆರಳುಗಳು ಮಡಚುತ್ತವೆ. ಅಂಗೈ ಮೇಲೆ ಮಾಡುವುದು, ಕೆಳಗೆ ಮಾಡುವುದು ಮುಂಗೈಯ ತಿರುಗುವಿಕೆ. ಅದು ಬೇರೆ ಸಂದಿನ ಕೆಲಸವಾದ್ದರಿಂದ ಉಳಿಯುತ್ತದೆ. ಬೀಗ ತಿರುಗಿಸಬಹುದು, ಸ್ಕೂಟರ್ ಬಿಡಬಹುದು. ಊಟವೂ ಆಗುತ್ತದೆ, ಅಭ್ಯಾಸ ಬೇಕು. ಮೇಜಿನ ಮೇಲಿನ ತಟ್ಟೆ ಸುಲಭ. ಪಂಕ್ತಿಯಲ್ಲಿ ನೆಲದ ಬಾಳೆಎಲೆಗೆ ಬಾಗುವಾಗ ಮೊಣಕೈ, ಭುಜ ಜಾಸ್ತಿ ಕೆಲಸ ಮಾಡಬೇಕು.

ಒತ್ತಡದ ಲೆಕ್ಕದಲ್ಲಿ ಇದು ನೇರ. ಉಜ್ಜಿಕೊಳ್ಳುವ ಸಂದೇ ಇಲ್ಲ ಎಂದರೆ ಸವೆಯಲು ಏನೂ ಉಳಿದಿಲ್ಲ. ಮುಂಗೈ ತಿರುಗುವ ಸಂದಿಯಲ್ಲಿ, ಅಲ್ನಾ ಕಡೆಯಲ್ಲಿ ಮಾತ್ರ ಕೆಲವರಿಗೆ ನೋವು ಉಳಿಯಬಹುದು. ಆಪರೇಷನ್‌ಗೆ ಮೊದಲೇ ಅಲ್ನಾ ಉದ್ದ ಇದೆಯಾ ಎಂದು ಎಕ್ಸ್‌ರೇಯಲ್ಲಿ ನೋಡಿಸಿ. ಪ್ಲೇಟ್ ಹಾಕಿದಾಗ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಜನರಲ್ಲಿ ಎಲುಬು ಬೆಸೆಯುತ್ತದೆ. ನೋವಿಗೆ ಇದಕ್ಕಿಂತ ಖಾತ್ರಿ ಉತ್ತರ ಬೇರೆ ಇಲ್ಲ. ಪ್ಲೇಟ್ ಮೇಲೆ ಸ್ನಾಯುರಜ್ಜು ಉಜ್ಜಿ ಕಿರಿಕಿರಿಯಾದರೆ ಆಮೇಲೆ ಪ್ಲೇಟ್ ತೆಗೆಯಬೇಕಾಗಬಹುದು.

ಎಡಗೈಯ ವಿಷಯ ಇಲ್ಲಿ ಹೇಳಲೇಬೇಕು. ಶೌಚಕ್ಕೆ ಎಡಗೈ ಬಳಸುವವರಿಗೆ ಮಣಿಕಟ್ಟು ಹಿಂದಕ್ಕೆ ಬೆಸೆದರೆ ಕಷ್ಟ. ಎಷ್ಟೋ ಜನ ಇದನ್ನು ಡಾಕ್ಟರ್ ಹತ್ತಿರ ಕೇಳುವುದೇ ಇಲ್ಲ, ಸಂಕೋಚ. ದಯವಿಟ್ಟು ಕೇಳಿ. ಎಡಗೈಯನ್ನು ನೆಟ್ಟಗೆ ಅಥವಾ ಒಂಚೂರು ಅಂಗೈ ಕಡೆಗೆ ಬೆಸೆಯಬಹುದು. ಎರಡೂ ಕೈಗೆ ಬೆಸೆಯಬೇಕಾಗಿ ಬಂದರೆ ಒಂದನ್ನು ಹೀಗೆ ಇಡುವುದು ರೂಢಿಯೇ ಇದೆ. ಬೆಸೆದ ಮೇಲೆ ಕೋನ ಬದಲಾಯಿಸಲು ಇನ್ನೊಂದು ಆಪರೇಷನ್ನೇ ಬೇಕು.

ಅಂಗೈ ಊರಿ ನೆಲದಿಂದ ಏಳಲು ಆಗುವುದಿಲ್ಲ. ಎಲುಬು ಗಟ್ಟಿಯಾದ ಮೇಲೆ ಮುಷ್ಟಿ ಊರಿ ಏಳುವುದನ್ನು ಕಲಿಸುತ್ತೇವೆ. ಎದೆಯ ಮುಂದೆ ಕೈ ಮುಗಿಯುವಾಗ ಅಂಗೈಗಳು ಪೂರ್ತಿ ಕೂಡುವುದಿಲ್ಲ, ಮೊಣಕೈ ಸರಿಸಿಕೊಳ್ಳಬೇಕು. ಕೆಲವರಿಗೆ ಇದು ಸಣ್ಣ ವಿಷಯ. ಕೆಲವರಿಗೆ ಅಲ್ಲ. ಆ ಬೇಸರ ಸುಮ್ನೆ ಅಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಒಂದು ಸಲಹೆಯನ್ನು ನಾನು ಎಲ್ಲರಿಗೂ ಕೊಡುತ್ತೇನೆ. ನಿರ್ಧಾರಕ್ಕೆ ಮೊದಲು ಎರಡು ವಾರ ಮಣಿಕಟ್ಟು ಅಲ್ಲಾಡದ ಗಟ್ಟಿ ಸ್ಪ್ಲಿಂಟ್ ಹಾಕಿಕೊಂಡು ಎಂದಿನ ಕೆಲಸ ಮಾಡಿ ನೋಡಿ. ನೋವು ಇಳಿದು ಕೆಲಸ ಸಾಗಿತಾ? ಹಾಗಾದರೆ ಪೂರ್ತಿ ಫ್ಯೂಷನ್ ನಿಮಗೆ ಹೊಂದುತ್ತದೆ. ಸ್ಪ್ಲಿಂಟ್ ಕಂಡರೇ ಸಿಟ್ಟು ಬರುವಷ್ಟು ಕಷ್ಟ ಆಯಿತಾ? ಹಾಗಾದರೆ ಮುಂದಿನದನ್ನು ಗಮನವಿಟ್ಟು ಓದಿ.

ನಾಲ್ಕು ಎಲುಬಿನ ಫ್ಯೂಷನ್, ಅಥವಾ ಮೊದಲ ಸಾಲು ತೆಗೆಯುವುದು

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಈ ಎರಡರ ನಡುವೆ. ಸ್ಕಾಫಾಯ್ಡ್ ಮುರಿದು ಕೂಡದೇ ಉಳಿದವರಲ್ಲಿ, ಅಥವಾ ಸ್ಕಾಫಾಯ್ಡ್ ಮತ್ತು ಲೂನೇಟ್ ನಡುವಿನ ಕಟ್ಟು ಹರಿದವರಲ್ಲಿ, ಸವೆತ ಒಂದು ಕ್ರಮದಲ್ಲಿ ಬರುತ್ತದೆ. ಮೊದಲು ರೇಡಿಯಸ್‌ನ ಹೆಬ್ಬೆರಳ ಕಡೆಯ ತುದಿ, ಆಮೇಲೆ ಸ್ಕಾಫಾಯ್ಡ್ ಕೂರುವ ಜಾಗ, ಕೊನೆಗೆ ಕ್ಯಾಪಿಟೇಟ್ ಮತ್ತು ಲೂನೇಟ್ ನಡುವೆ. ವಿಶೇಷ ಏನೆಂದರೆ ಲೂನೇಟ್ ಮತ್ತು ರೇಡಿಯಸ್ ನಡುವಿನ ಸಂದು ಹೆಚ್ಚಾಗಿ ಕೊನೆಯವರೆಗೂ ಚೆನ್ನಾಗಿ ಉಳಿಯುತ್ತದೆ. ಎರಡೂ ಆಪರೇಷನ್ ಆ ಉಳಿದ ಜಾಗವನ್ನೇ ಬಳಸಿಕೊಳ್ಳುತ್ತವೆ.

ಫೋರ್ ಕಾರ್ನರ್ ಫ್ಯೂಷನ್‌ನಲ್ಲಿ ಸ್ಕಾಫಾಯ್ಡ್ ತೆಗೆದು, ಲೂನೇಟ್, ಕ್ಯಾಪಿಟೇಟ್, ಹ್ಯಾಮೇಟ್, ಟ್ರೈಕ್ವೆಟ್ರಮ್ ಈ ನಾಲ್ಕನ್ನು ಬೆಸೆಯುತ್ತಾರೆ. ಪಿಆರ್‌ಸಿ (ಪ್ರಾಕ್ಸಿಮಲ್ ರೋ ಕಾರ್ಪೆಕ್ಟಮಿ, ಅಂದರೆ ಮೊದಲ ಸಾಲು ತೆಗೆಯುವುದು) ಎಂದು ಕರೆಯುವ ಇನ್ನೊಂದರಲ್ಲಿ ಬೆಸೆಯುವುದೇ ಇಲ್ಲ. ಸ್ಕಾಫಾಯ್ಡ್, ಲೂನೇಟ್, ಟ್ರೈಕ್ವೆಟ್ರಮ್ ಮೂರನ್ನೂ ತೆಗೆದು, ಕ್ಯಾಪಿಟೇಟ್‌ನ ದುಂಡಗಿನ ತಲೆ ಲೂನೇಟ್ ಇದ್ದ ಗುಳಿಯಲ್ಲಿ ಕೂರುವಂತೆ ಮಾಡುತ್ತಾರೆ.

ಚಲನೆ ಎರಡರಲ್ಲೂ ಮೊದಲಿನದರ ಅರ್ಧ ಅಥವಾ ಸ್ವಲ್ಪ ಜಾಸ್ತಿ ಉಳಿಯುತ್ತದೆ. ಪಿಆರ್‌ಸಿಯಲ್ಲಿ ತುಸು ಹೆಚ್ಚು. ಹಿಡಿತದ ಬಲ ಎರಡರಲ್ಲೂ ಇನ್ನೊಂದು ಕೈಯ ಮುಕ್ಕಾಲು ಭಾಗದ ಆಸುಪಾಸು. ಅಂಕಿಯಲ್ಲಿ ಇವು ಅಕ್ಕತಂಗಿಯರು. ವ್ಯತ್ಯಾಸ ಇರುವುದು ಒತ್ತಡದಲ್ಲಿ ಮತ್ತು ಕಾಯುವ ಸಮಯದಲ್ಲಿ.

ಫೋರ್ ಕಾರ್ನರ್‌ನಲ್ಲಿ ಸ್ಕಾಫಾಯ್ಡ್ ಹೊರುತ್ತಿದ್ದ ಪಾಲೂ ಲೂನೇಟ್‌ಗೆ ಬರುತ್ತದೆ. ಆದರೆ ಲೂನೇಟ್ ಮತ್ತು ಅದರ ಗುಳಿ ಒಂದಕ್ಕೊಂದು ಹೊಂದಿಕೊಳ್ಳುವ ಆಕಾರದವು. ಭಾರ ಹೆಚ್ಚಾದರೂ ಅಗಲವಾಗಿ ಹರಡುತ್ತದೆ. ಪಿಆರ್‌ಸಿಯಲ್ಲಿ ಕ್ಯಾಪಿಟೇಟ್ ತಲೆ ಆ ಗುಳಿಗಿಂತ ಸಣ್ಣ, ಹೆಚ್ಚು ದುಂಡಗೆ. ತಾಗುವ ಜಾಗ ಕಡಿಮೆ, ಹಾಗಾಗಿ ಒತ್ತಡ ಜಾಸ್ತಿ. ಕೈ ಬಗ್ಗಿದಂತೆ ತಾಗುವ ಬಿಂದು ಜಾರುತ್ತಾ ಹೋಗುವುದರಿಂದ ಒಂದೇ ಕಡೆ ತೂತು ಬೀಳುವ ಹಾಗೆ ಸವೆಯುವುದಿಲ್ಲ. ಆದರೂ ವರ್ಷಗಳು ಕಳೆದಂತೆ ಎಕ್ಸ್‌ರೇಯಲ್ಲಿ ಸವೆತ ಕಾಣುತ್ತದೆ. ಎಕ್ಸ್‌ರೇಯಲ್ಲಿ ಕಂಡವರೆಲ್ಲರಿಗೂ ನೋವು ಬರುವುದಿಲ್ಲ, ಅದೂ ನಿಜ.

ಹಾಗಾಗಿ ವಯಸ್ಸು ಮುಖ್ಯ. ಮೂವತ್ತರ ಆಸುಪಾಸಿನ, ಭಾರದ ಕೆಲಸ ಮಾಡುವವರಿಗೆ ಪಿಆರ್‌ಸಿ ಅಷ್ಟು ಬಾಳಿಕೆ ಬರುವುದಿಲ್ಲ. ನಲವತ್ತು ದಾಟಿದವರಿಗೆ, ಅದರಲ್ಲೂ ಐವತ್ತು ದಾಟಿ ಹಗುರ ಕೆಲಸ ಮಾಡುವವರಿಗೆ ನನ್ನ ಒಲವು ಪಿಆರ್‌ಸಿ ಕಡೆಗೇ. ಬೆಸೆಯಲು ಕಾಯಬೇಕಿಲ್ಲ, ಮೂರು ನಾಲ್ಕು ವಾರದಲ್ಲಿ ಕೈ ಆಡಿಸಲು ಶುರುಮಾಡಬಹುದು. ಪ್ಲೇಟ್, ಸ್ಕ್ರೂ ಬೇಡ, ಖರ್ಚೂ ಕಡಿಮೆ. ಫೋರ್ ಕಾರ್ನರ್‌ಗೆ ಆರರಿಂದ ಎಂಟು ವಾರ ಕಾಯಬೇಕು. ಬೆಸೆಯದೇ ಉಳಿಯುವ ಅಪಾಯ ಸ್ವಲ್ಪ ಇದೆ. ಬೀಡಿ, ಸಿಗರೇಟು ಸೇದುವವರಿಗೆ ಆ ಅಪಾಯ ಇನ್ನೂ ಜಾಸ್ತಿ. ಬಿಡಲು ಆಗುವುದಿಲ್ಲ ಎಂದಾದರೆ ಬೆಸೆಯುವ ಆಪರೇಷನ್ ಆಯ್ದುಕೊಳ್ಳುವ ಮೊದಲು ಎರಡು ಸಲ ಯೋಚಿಸಿ.

ಕ್ಯಾಪಿಟೇಟ್ ತಲೆ ಸವೆದಿದ್ದರೆ ಸಾಮಾನ್ಯವಾಗಿ ಪಿಆರ್‌ಸಿ ಬೇಡ ಅನ್ನುತ್ತಾರೆ. ರೇಡಿಯಸ್‌ನ ಲೂನೇಟ್ ಗುಳಿಯೇ ಸವೆದಿದ್ದರೆ ಎರಡೂ ಆಗುವುದಿಲ್ಲ. ಎಕ್ಸ್‌ರೇಯಲ್ಲಿ ಸ್ಪಷ್ಟ ಇಲ್ಲದಿದ್ದರೆ ಸಿಟಿ ಸ್ಕ್ಯಾನ್ ಮಾಡಿ ಅಥವಾ ಸಂದಿನೊಳಗೆ ಸಣ್ಣ ಕ್ಯಾಮೆರಾ ಹಾಕಿ ನೋಡಿ ಹೇಳುತ್ತಾರೆ.

ರೇಡಿಯಸ್ ಕಡೆ ಬೆಸೆಯುವುದು

ಬೈಕಿನಿಂದ ಬಿದ್ದು ಮಣಿಕಟ್ಟಿನ ಹತ್ತಿರ ರೇಡಿಯಸ್ ಪುಡಿಯಾದವರಲ್ಲಿ ಹಾಳಾಗುವುದು ರೇಡಿಯಸ್‌ನ ಮೇಲ್ಮೈ. ಎರಡು ಸಾಲುಗಳ ನಡುವಿನ ಸಂದು ಚೆನ್ನಾಗಿರುತ್ತದೆ. ಅಂಥವರಿಗೆ ರೇಡಿಯಸ್, ಸ್ಕಾಫಾಯ್ಡ್, ಲೂನೇಟ್ ಮೂರನ್ನು ಬೆಸೆಯುತ್ತಾರೆ. ಚೊಂಬು ಬಗ್ಗಿಸುವ ಓರೆ ಚಲನೆ ಉಳಿಯುತ್ತದೆ. ಸ್ಕಾಫಾಯ್ಡ್‌ನ ಬೆರಳ ಕಡೆಯ ತುಂಡನ್ನೂ ತೆಗೆದರೆ ಇನ್ನಷ್ಟು ಸಡಿಲವಾಗುತ್ತದೆ. ಒತ್ತಡ ಮುಂದಿನ ಸಾಲಿಗೆ ಸರಿಯುವುದರಿಂದ ವರ್ಷಗಳ ಮೇಲೆ ಅಲ್ಲಿ ಸವೆತ ಬರಬಹುದು. ಬಡಗಿ, ಗಾರೆ ಕೆಲಸದವರು, ತೋಟದಲ್ಲಿ ಕತ್ತಿ ಹಿಡಿಯುವವರಿಗೆ ಇದು ಒಳ್ಳೆಯ ಮಧ್ಯದ ದಾರಿ ಎಂದು ನನ್ನ ಅನಿಸಿಕೆ. ಎಕ್ಸ್‌ರೇ ಒಪ್ಪಿದರೆ.

ಕೀನ್‌ಬಾಕ್ ಇರುವವರಿಗೆ

ಇದರಲ್ಲಿ ಲೂನೇಟ್‌ಗೆ ರಕ್ತ ಸರಿಯಾಗಿ ಹೋಗದೆ ಎಲುಬು ಕುಸಿಯುತ್ತದೆ. ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ಒಳಗಿನವರಲ್ಲಿ. ಇಲ್ಲಿ ಆಪರೇಷನ್‌ನ ಉದ್ದೇಶವೇ ಒತ್ತಡ ಸರಿಸುವುದು. ಅಲ್ನಾ ಗಿಡ್ಡ ಇದ್ದರೆ ರೇಡಿಯಸ್ ಅನ್ನು ಎರಡು ಮೂರು ಮಿಲಿಮೀಟರ್ ಗಿಡ್ಡ ಮಾಡುತ್ತಾರೆ. ಮಣಿಕಟ್ಟಿನ ಯಾವ ಸಂದೂ ಬೆಸೆಯದೆ ಲೂನೇಟ್ ಮೇಲಿನ ಭಾರ ಇಳಿಯುತ್ತದೆ. ಅಲ್ನಾ ಸಮ ಇದ್ದರೆ ಸ್ಕಾಫಾಯ್ಡ್ ಅನ್ನು ಕ್ಯಾಪಿಟೇಟ್‌ಗೆ, ಅಥವಾ ಟ್ರಪೀಜಿಯಮ್ ಮತ್ತು ಟ್ರಪೆಜಾಯ್ಡ್‌ಗೆ ಬೆಸೆಯುವ ದಾರಿ ಇದೆ. ಆಗ ಭಾರ ಸ್ಕಾಫಾಯ್ಡ್ ಮೂಲಕ ರೇಡಿಯಸ್‌ಗೆ ಹೋಗುತ್ತದೆ. ಲೂನೇಟ್‌ಗೆ ಬಿಡುವು, ಸ್ಕಾಫಾಯ್ಡ್ ಕೂರುವ ಜಾಗಕ್ಕೆ ಹೊರೆ. ಆ ಜಾಗ ಈಗಾಗಲೇ ಸವೆದಿದ್ದರೆ ಈ ದಾರಿ ಹಿಡಿಯಬೇಡಿ.

ನರ ಕತ್ತರಿಸುವುದು

ಮಣಿಕಟ್ಟಿನ ನೋವನ್ನು ಮಿದುಳಿಗೆ ಮುಟ್ಟಿಸುವ ಸಣ್ಣ ನರಗಳನ್ನು ಕತ್ತರಿಸುತ್ತಾರೆ. ಬೆರಳಿನ ಸ್ಪರ್ಶ, ಬಲ ಹೋಗುವುದಿಲ್ಲ. ಚಲನೆ ಇದ್ದಷ್ಟೇ ಇರುತ್ತದೆ. ಒತ್ತಡವೂ ಬದಲಾಗುವುದಿಲ್ಲ, ಅಂದರೆ ಸವೆತ ತನ್ನ ಪಾಡಿಗೆ ಮುಂದುವರಿಯುತ್ತದೆ. ಎರಡು ವಾರದಲ್ಲಿ ಹೆಚ್ಚಿನವರು ಹಗುರ ಕೆಲಸಕ್ಕೆ ಮರಳುತ್ತಾರೆ. ಮೊದಲು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋವು ಇಳಿಯುತ್ತದಾ ನೋಡಬಹುದು. ಇಳಿಯದಿದ್ದರೆ ಆಪರೇಷನ್ ಮಾಡಿಸಬೇಡಿ. ಎಲ್ಲರಿಗೂ ಪೂರ್ತಿ ನೋವು ಹೋಗುವುದಿಲ್ಲ, ಕೆಲವರಿಗೆ ವರ್ಷಗಳ ನಂತರ ಮರಳುತ್ತದೆ. ಆದರೆ ಮುಂದಿನ ಬಾಗಿಲುಗಳೆಲ್ಲ ತೆರೆದೇ ಇರುತ್ತವೆ. ಯಕ್ಷಗಾನದಲ್ಲಿ ಚೆಂಡೆ ಬಾರಿಸುವಂಥವರಿಗೆ, ಮಣಿಕಟ್ಟಿನ ಬಳುಕೇ ಜೀವನ ಆಗಿರುವವರಿಗೆ, ನಾನು ಮೊದಲು ಇದನ್ನೇ ಕೇಳಿ ನೋಡಿ ಅನ್ನುತ್ತೇನೆ.

ಕೃತಕ ಮಣಿಕಟ್ಟು

ಮಂಡಿ ಬದಲಿಸಿದ ಹಾಗೆ ಮಣಿಕಟ್ಟೂ ಬದಲಿಸಬಹುದು. ಚಲನೆ ಉಳಿಯುತ್ತದೆ. ಆದರೆ ಆ ಕೈಯಲ್ಲಿ ನಾಲ್ಕೈದು ಕಿಲೋಗಿಂತ ಜಾಸ್ತಿ ಪದೇ ಪದೇ ಎತ್ತಬಾರದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ತುಂಬಿದ ಕೊಡಪಾನ ಅದಕ್ಕಿಂತ ಭಾರ. ಭಾಗ ದುಬಾರಿ, ಸಡಿಲವಾದರೆ ಮತ್ತೆ ಆಪರೇಷನ್, ಕೊನೆಗೆ ಪೂರ್ತಿ ಫ್ಯೂಷನ್ನೇ. ಸಂಧಿವಾತದಿಂದ ಎರಡೂ ಕೈ ಹೋದ, ಮನೆಯೊಳಗೆ ಹಗುರ ಕೆಲಸ ಮಾಡುವ ಹಿರಿಯರಿಗೆ ಯೋಚಿಸಬಹುದು. ಮಲ್ಪೆಯಲ್ಲಿ ಬಲೆ ಎಳೆಯುವವರಿಗೆ ಖಂಡಿತ ಅಲ್ಲ. ಅವರಿಗೆ ಬೇಕಿರುವುದು ನೋವಿಲ್ಲದ ಬಲ, ಅದನ್ನು ಪೂರ್ತಿ ಫ್ಯೂಷನ್ ಕೊಡುತ್ತದೆ.

ಬೀಡಿ ಕಟ್ಟುವವರು, ಶಂಕರಪುರದ ಕಡೆ ಮಲ್ಲಿಗೆ ಕಟ್ಟುವವರು ಪೂರ್ತಿ ಫ್ಯೂಷನ್ ಅಂದ ಕೂಡಲೇ ಹೆದರುತ್ತಾರೆ. ಅವರ ಕೆಲಸ ಹೆಚ್ಚಾಗಿ ಬೆರಳಿನದು. ಸ್ಪ್ಲಿಂಟ್ ಹಾಕಿ ಒಂದು ಕಟ್ಟು ಬೀಡಿ, ಒಂದು ಚೆಂಡು ಹೂ ಕಟ್ಟಿ ನೋಡಲು ಹೇಳುತ್ತೇನೆ. ಅಲ್ಲೇ ಉತ್ತರ ಗೊತ್ತಾಗುತ್ತದೆ.

ದುಡ್ಡು ಮತ್ತು ಸಮಯ

ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದರೆ ಸಾಮಾನ್ಯವಾಗಿ ಹೀಗೆ: ನರ ಕತ್ತರಿಸುವುದು, ಪಿಆರ್‌ಸಿ, ಅರ್ಧ ಫ್ಯೂಷನ್‌ಗಳು, ಪ್ಲೇಟಿನ ಪೂರ್ತಿ ಫ್ಯೂಷನ್, ಕೃತಕ ಮಣಿಕಟ್ಟು. ಬಿಲ್ ಏರಿಸುವುದು ಒಳಗೆ ಕೂರಿಸುವ ಸಾಮಾನು. ಅರ್ಧ ಫ್ಯೂಷನ್‌ನಲ್ಲಿ ತಂತಿ ಹಾಕುತ್ತಾರಾ, ಸ್ಕ್ರೂ ಹಾಕುತ್ತಾರಾ ಎಂಬುದರ ಮೇಲೇ ತುಂಬ ವ್ಯತ್ಯಾಸ ಆಗುತ್ತದೆ. ಅಂದಾಜು ಕೇಳುವಾಗ ಸಾಮಾನಿನ ಬೆಲೆ ಬೇರೆ, ಆಸ್ಪತ್ರೆಯ ಖರ್ಚು ಬೇರೆ ಬರೆಸಿಕೊಳ್ಳಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30%, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ನೆರವು ಇದೆ. ತುರ್ತಲ್ಲದ ಆಪರೇಷನ್ ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಮಂಗಳೂರಿನವರು ವೆನ್‌ಲಾಕ್, ಉಡುಪಿಯವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಮೊದಲು ಹೋಗಿ. ನಿಮ್ಮ ಆಪರೇಷನ್ ಪಟ್ಟಿಯಲ್ಲಿದೆಯಾ ಎಂದು ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ಖರ್ಚಿನಲ್ಲಿ ಜನ ಮರೆಯುವುದು ಕೂತು ಉಣ್ಣುವ ದಿನಗಳನ್ನು. ಪೂರ್ತಿ ಫ್ಯೂಷನ್ ಆದ ಮೇಲೆ ಭಾರದ ಕೆಲಸಕ್ಕೆ ಮೂರು ನಾಲ್ಕು ತಿಂಗಳು ಬೇಕು. ದೋಣಿಗೆ ಹೋಗುವವರು ಮಳೆಗಾಲದ ಮೀನುಗಾರಿಕೆ ನಿಷೇಧದ ಶುರುವಿಗೇ ಆಪರೇಷನ್ ಇಟ್ಟುಕೊಂಡರೆ ಎರಡು ತಿಂಗಳು ಹೇಗೂ ಮನೆಯಲ್ಲೇ ಕಳೆಯುತ್ತದೆ.

ಡಾಕ್ಟರ್ ಹತ್ತಿರ ಹೋಗುವಾಗ

ಒಂದು ಚೀಟಿಯಲ್ಲಿ ನಿಮ್ಮ ಕೈಯ ಕೆಲಸ ಬರೆದುಕೊಂಡು ಹೋಗಿ. ಯಾವ ಕೈ, ಏನು ಎತ್ತುತ್ತೀರಿ, ಎಲ್ಲಿ ಊರುತ್ತೀರಿ, ಶೌಚಕ್ಕೆ ಯಾವುದು. ಆಮೇಲೆ ಕೇಳಿ: ನನ್ನ ಯಾವ ಸಂದಿನ ನುಣುಪು ಇನ್ನೂ ಉಳಿದಿದೆ? ಆಪರೇಷನ್ ಆದ ಮೇಲೆ ಭಾರ ಯಾವ ಸಂದಿಗೆ ಹೋಗುತ್ತದೆ, ಅದು ತಡೆಯುತ್ತದಾ? ಪೂರ್ತಿ ಬೆಸೆಯುವುದಾದರೆ ಯಾವ ಕೋನದಲ್ಲಿ? ಫೋರ್ ಕಾರ್ನರ್ ಆದರೆ ಓರೆಯಾದ ಲೂನೇಟ್ ಅನ್ನು ನೇರ ಮಾಡಿ ಬೆಸೆಯುತ್ತೀರಾ? ಓರೆಯಲ್ಲೇ ಬೆಸೆದರೆ ಕೈ ಹಿಂದಕ್ಕೆ ಎತ್ತುವಾಗ ಎಲುಬು ತಾಗಿ ನಿಲ್ಲುತ್ತದೆ, ಅದಕ್ಕೆ ಈ ಪ್ರಶ್ನೆ. ಮತ್ತು ಇದು ಸರಿಹೋಗದಿದ್ದರೆ ಮುಂದೇನು? ಅರ್ಧ ಫ್ಯೂಷನ್, ಪಿಆರ್‌ಸಿ ಎರಡರಿಂದಲೂ ಪೂರ್ತಿ ಫ್ಯೂಷನ್‌ಗೆ ಹೋಗಬಹುದು. ಪೂರ್ತಿ ಫ್ಯೂಷನ್ ಮಾಡಿದ ಮೇಲೆ ಹಿಂದಕ್ಕೆ ಬರುವುದು ತುಂಬ ಕಷ್ಟ. ಎರಡು ದಾರಿ ಸಮ ಅನಿಸಿದಾಗ ನಾನು ಬಾಗಿಲು ಮುಚ್ಚದ ದಾರಿಯನ್ನೇ ಮೊದಲು ಹಿಡಿಯಿರಿ ಅನ್ನುತ್ತೇನೆ. ಆದರೆ ದಿನಾ ಹತ್ತಿಪ್ಪತ್ತು ಕಿಲೋ ಎತ್ತುವ, ನೋವಿನಿಂದ ರಾತ್ರಿ ನಿದ್ದೆ ಬಾರದ ಕೈಗೆ ಆ ಮಾತು ಅನ್ವಯಿಸುವುದಿಲ್ಲ. ಅಂಥವರು ಎರಡೆರಡು ಆಪರೇಷನ್ ಯಾಕೆ ಅನುಭವಿಸಬೇಕು? ನೇರ ಪೂರ್ತಿ ಫ್ಯೂಷನ್ ಬಗ್ಗೆ ಮಾತಾಡಿ.